ಬ್ಯಾಟರಿ ನೀರಿನ ಸೀಸೆ

ವಿಭೂತಿಗಟ್ಟಿ ಒದ್ದೆಯಾದಾಗ ಏಳುವ ವಾಸನೆಯನ್ನು ನಾನು ಅಜ್ಜನ ತೊಡೆಯ ಮೇಲೆ ಕೂತು ಕಲಿತವಳು. ಸುಟ್ಟ ಬೆರಣಿಯ ಮೇಲೆ ನಾಲ್ಕು ಹನಿ ಮಳೆ ಬಿದ್ದಂಥ ವಾಸನೆ. ೨೦೦೩ರ ಒಂದು ಶನಿವಾರ, ನಾನು ವಿಜ್ಞಾನ ಕಲಿಸುತ್ತಿದ್ದ ಸುದ್ದಗುಂಟೆಪಾಳ್ಯದ ಶಾಲೆಯ ಎಂಟನೇ ತರಗತಿಯಲ್ಲಿ ಅದು ನನ್ನ ಮೂಗಿಗೆ ಬಂತು. ಬಂದರೂ ನಾನು ಯೋಚಿಸಲಿಲ್ಲ.

ಜಯನಗರದ ವಿಜ್ಞಾನ ಪ್ರದರ್ಶನಕ್ಕೆ ಒಬ್ಬರನ್ನೇ ಕಳಿಸಬೇಕಿತ್ತು. ಮಧುಮತಿ ಹದಿನೈದು ದಿನದಿಂದ ಅದಕ್ಕೇ ಕಾದಿದ್ದಳು. ರಟ್ಟಿನ ಮೇಲೆ ಎರಡು ಶೆಲ್ಲು, ಪುಟ್ಟದೊಂದು ಎಲ್‌ಇಡಿ ದೀಪ, ವೈರಿನ ತುದಿಗೆ ಎರಡು ಮೊಳೆ. ಮೊಳೆ ಅದ್ದಿದ ದ್ರವದಲ್ಲಿ ಕರೆಂಟು ಹರಿದರೆ ದೀಪ ಹತ್ತಬೇಕು. ಉಪ್ಪುನೀರಿನಲ್ಲಿ, ನಿಂಬೆರಸದಲ್ಲಿ ಹತ್ತಿತು. ಕೊಬ್ಬರಿ ಎಣ್ಣೆಯಲ್ಲಿ ಹತ್ತಲಿಲ್ಲ.

"ಇದು ಬ್ಯಾಟರಿ ನೀರು, ಬಟ್ಟಿ ಇಳಿಸಿದ್ದು. ಏನೂ ಬೆರೆತಿಲ್ಲ, ಹತ್ತಲ್ಲ" ಎಂದು ಸೀಸೆಯ ಮುಚ್ಚಳ ತೆಗೆದು, ಮೊಳೆ ಒರೆಸಿ ಅದ್ದಿದಳು. ದೀಪ ಮಂಕಾಗಿ ಹತ್ತಿತು.

ಮಕ್ಕಳು ಹೋ ಎಂದರು. "ನಲ್ಲಿ ನೀರು ತಂದು ನಮ್ಮ ಕಿವಿ ಮೇಲೆ ಹೂ ಇಡ್ತೀಯೇನಮ್ಮ?" ಎಂದರು ಗಣಿತದ ಮೇಷ್ಟ್ರು ಜಯಸಿಂಹ.

"ಇಲ್ಲ ಸಾರ್, ಗ್ಯಾರೇಜಿಂದಾನೇ ತಂದಿದ್ದು. ಮಿಸ್, ನೀವಾದ್ರೂ ಹೇಳಿ!"

"ಸುಳ್ಳು ಹೇಳ್ಬೇಡ, ಮಧು" ಎಂದೆ, ಎಲ್ಲರೆದುರಿಗೆ. ಬೇರೊಬ್ಬಳ ಹೆಸರು ಬರೆದು ಕಳಿಸಿಬಿಟ್ಟೆ. ಪಕ್ಕದ ಬೆಂಚಿನ ಹುಡುಗಿ ಅವಳ ಸಾಮಾನು ಎತ್ತಿಟ್ಟುಕೊಟ್ಟಳು. ನನಗೆ ಅಷ್ಟೂ ತೋಚಲಿಲ್ಲ.

ಶಾಲೆ ಬಿಟ್ಟಾಗ ಅವಳ ತಾಯಿ ಪಾರವ್ವ ಗೇಟಿನ ಬಳಿ ನಿಂತಿದ್ದರು. ಬಿಟಿಎಂ ಬಡಾವಣೆಯ ಪಿಜಿ ಹಾಸ್ಟೆಲೊಂದರಲ್ಲಿ ರೊಟ್ಟಿ ಬಡಿಯುವವರು.

"ನಮ್ಮ ಮಧೂನ್ನ ಆರಿಸಿದ್ರೇನ್ರಿ, ಅಕ್ಕಾರ? ಮುಂಜಾನೆ ಆ ಸೀಸೆ ದೇವ್ರ ಮುಂದಿಟ್ಟು, ಚಿಟಿಕಿ ವಿಭೂತಿ ಹಾಕಿ ಕುಲುಕೇನ್ರಿ. ಛಲೋ ಆಗ್ಲಿ ಅಂತ. ಆಕಿಗೆ ಗೊತ್ತಿಲ್ಲ."

ಮಧುವಿನ ಕೈಯಿಂದ ಸೀಸೆ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಅಜ್ಜನ ಅಂಗೈಯ ಅದೇ ವಾಸನೆ. ಬೂದಿಯ ಉಪ್ಪು ನೀರಿಗಿಳಿದರೆ ಕರೆಂಟು ಹರಿಯುತ್ತದೆಂದು ಮೂವತ್ತು ವರ್ಷ ಪಾಠ ಮಾಡಿದ ನನಗೆ ಗೊತ್ತಿರಲಿಲ್ಲವೇ?

ಆಫೀಸಿಗೆ ಓಡಿ ಪ್ರದರ್ಶನದವರಿಗೆ ಫೋನು ಮಾಡಿದೆ. "ಲಿಸ್ಟು ಕ್ಲೋಸ್ ಆಯ್ತು, ಮೇಡಂ" ಎಂದರು.

ಹಿಂತಿರುಗಿ ಬಂದು ನಡೆದದ್ದನ್ನೆಲ್ಲ ತಾಯಿ ಮಗಳಿಬ್ಬರಿಗೂ ಹೇಳಿದೆ. "ನೀನು ಸುಳ್ಳು ಹೇಳಿರ್ಲಿಲ್ಲ. ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ಎಲ್ಲರ ಮುಂದೆ ಹೇಳ್ತೀನಿ."

ಮಧು ನನ್ನತ್ತ ನೋಡಲಿಲ್ಲ. "ಯಾಕ ಹಾಕಿದಿ ಅವ್ವಾ?" ಎಂದಳು, ಅಷ್ಟೆ. ಪಾರವ್ವನ ಮುಖ ಇಳಿದುಹೋಯಿತು.

ಆಮೇಲೆ ಪಾರವ್ವ, ಮಗಳು ಗೆದ್ದರೆ ತಿನ್ನಲೆಂದು ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಮೊದಲು ಮಗಳಿಗೆ ಕೊಟ್ಟರು. ಇನ್ನೊಂದನ್ನು ಮಡಚಿ ನನ್ನ ಕೈಗಿತ್ತರು.