ದೋಣಿ ಆಟದ ಮೂವತ್ತನೇ ಲೆವೆಲ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದರ ಮೇಲೇ ನಮ್ಮ ಮನೆಯಲ್ಲಿ ಜಗಳವಾಗಿದೆ. ಅಪ್ಪನ ಪ್ರಕಾರ ಅಪ್ಪನಿಂದ. ಚಿಕ್ಕಮ್ಮನ ಪ್ರಕಾರ ಟಿವಿಗೆ ಬಂದ ಹೊಸ ಆಟದಿಂದ. ಅಮ್ಮನ ಪ್ರಕಾರ, ಶುರು ಮಾಡದೇ ಇದ್ದರೆ ಎಲ್ಲರಿಗೂ ಒಳ್ಳೆಯದು.

ನಾನು ಬರೆದ ಮೊದಲ ಸಾಲು ಹೀಗಿತ್ತು: ‘ಮೂವತ್ತೆಂಟು ವರ್ಷಗಳ ಹಿಂದೆ, ಆ ಮಬ್ಬುಗತ್ತಲೆಯ ವಿಡಿಯೋ ಗೇಮ್ ಪಾರ್ಲರಿನಲ್ಲಿ, ಯಂತ್ರಗಳು ನಕ್ಷತ್ರಗಳಂತೆ ಮಿನುಗುತ್ತಿದ್ದವು.’ ಚಿಕ್ಕಮ್ಮ ಓದಿ ಹಾಳೆಯನ್ನು ವಾಪಸ್ ಕೊಟ್ಟಳು.

“ನಕ್ಷತ್ರ ಎಲ್ಲಿತ್ತು ಅಲ್ಲಿ? ಬರೀ ಬೆವರಿನ ವಾಸನೆ. ಸ್ಟಿಕ್ ಎಡಕ್ಕೆ ಎಳೆದ್ರೆ ಎಡಕ್ಕೇ ಸಿಕ್ಕಿಹಾಕ್ಕೊಳ್ತಿತ್ತು. ಹಳೇದೆಲ್ಲ ಚಿನ್ನ ಅಂತ ಬರೀಬೇಡ. ಹೊಸ ಆಟಾನೇ ಚೆನ್ನಾಗಿದೆ.”

(ಮೊದಲ ಡ್ರಾಫ್ಟ್ ಇಲ್ಲಿಗೆ ಸತ್ತಿತು. ಹಳೆಯ ಕಾಲವನ್ನು ನೆನೆದು ನಿಟ್ಟುಸಿರು ಬಿಡುವುದು ನನ್ನಂಥ ಲೇಖಕಿಯರಿಗೆ ಮಾಡಿಟ್ಟ ಊಟ. ಚಿಕ್ಕಮ್ಮ ಆ ತಟ್ಟೆಯನ್ನೇ ಎಳೆದುಕೊಂಡುಬಿಟ್ಟಳು.)

೨

ಆಗಲಿ, ಮೊದಲು ಜನರ ಪರಿಚಯ. ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಪಾರ್ಲರಿನ ಟೋಕನ್ ಕೌಂಟರಿನಲ್ಲಿ ಕೂರುತ್ತಿದ್ದಳು. ಹತ್ತು ಗಂಟೆಗೆ ಬಾಗಿಲು ತೆರೆಯುತ್ತಿತ್ತು. ಅವಳು ಎಂಟೂವರೆಗೇ ಹೋಗಿ ಗುಡಿಸಿ, ಗಾಜು ಒರೆಸಿ, ಒಂದೊಂದೇ ಯಂತ್ರ ಹಾಕಿ ಎಲ್ಲ ಸರಿಯಾಗಿವೆಯೇ ಎಂದು ನೋಡಬೇಕಿತ್ತು. ಆಡುವ ಹಾಗಿರಲಿಲ್ಲ. ಕೌಂಟರಿನವರು ಆಡಿದ್ದು ಕಂಡರೆ ಅವತ್ತೇ ಮನೆಗೆ ಎಂದು ಮಾಲೀಕ ಹೇಳಿಟ್ಟಿದ್ದ.

ಅಪ್ಪ ಅಲ್ಲಿಗೆ ಯಂತ್ರ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್. ಆಗ ಇನ್ನೂ ನನ್ನ ಅಪ್ಪನಾಗಿರಲಿಲ್ಲ, ಚಿಕ್ಕಮ್ಮನ ಭಾವನೂ ಆಗಿರಲಿಲ್ಲ.

ಅಲ್ಲಿದ್ದ ಒಂದು ಯಂತ್ರಕ್ಕೆ ಎಲ್ಲರೂ ‘ದೋಣಿ ಆಟ’ ಎನ್ನುತ್ತಿದ್ದರು. ಪುಟ್ಟ ದೋಣಿಯೊಂದು ದೊಡ್ಡ ಹಡಗಿಗೆ ಹಗ್ಗ ಕಟ್ಟಿ, ಬಂಡೆಗಳ ನಡುವೆ ಎಳೆದುಕೊಂಡು ಬಂದರು ಸೇರಿಸಬೇಕು. ಒಟ್ಟು ಮೂವತ್ತು ಲೆವೆಲ್. ಮೂವತ್ತನೆಯದರಲ್ಲಿ ಪರದೆಯ ತುಂಬ ಮಂಜು. ಬಂಡೆ ಕಾಣುವುದಿಲ್ಲ, ದಡ ಕಾಣುವುದಿಲ್ಲ. ಎಷ್ಟು ಜನ ಎಷ್ಟು ಟೋಕನ್ ಹಾಕಿದರೂ ಅಲ್ಲಿಗೆ ಮುಗಿಯುತ್ತಿತ್ತು.

ಅದನ್ನು ದಾಟಿದವನು ಒಬ್ಬನೇ, ನಮ್ಮ ಅಪ್ಪ.

ಈ ಮಾತು ಕೇಳುತ್ತಲೇ ನಾನು ಬೆಳೆದದ್ದು. ಸಂಜೆ ಆರು ಗಂಟೆಯಂತೆ. ಬೆನ್ನ ಹಿಂದೆ ಐವತ್ತು ಜನರಂತೆ. ಹಡಗು ಬಂದರು ಸೇರಿದ ಕೂಡಲೆ ಪರದೆಯಲ್ಲಿ ಬಾಣಬಿರುಸು, ದಡದಲ್ಲಿ ಒಬ್ಬಳು ರಾಣಿ, ಅವಳ ಕೈಯಲ್ಲಿ ಬೀಸುವ ಕರವಸ್ತ್ರ. ಹನ್ನೆರಡು ವರ್ಷಗಳ ಹಿಂದೆ ಇದನ್ನೇ ಕಥೆಯಾಗಿ ಬರೆದೆ. ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅಪ್ಪ ಆ ಪುಟಕ್ಕೆ ಚೌಕಟ್ಟು ಹಾಕಿಸಿದ. ಬಂದವರಿಗೆಲ್ಲ ಓದಿಸಿದ. ಚಿಕ್ಕಮ್ಮನೂ ಓದಿದ್ದಳು. “ಚೆನ್ನಾಗಿ ಬರ್ದಿದೀಯ” ಎಂದಷ್ಟೇ ಹೇಳಿದ್ದಳು.

(ಓದುಗರೇ, ನನ್ನ ಮೇಲೆ ಇಷ್ಟರಲ್ಲೇ ಅನುಮಾನ ಬಂದಿದ್ದರೆ ಅದು ಸರಿಯಾದ ಅನುಮಾನ.)

೩

ಅಪ್ಪನಿಗೆ ಅರವತ್ತೈದು ತುಂಬಿದ ದಿನ ನಾನು ಒಂದು ಉಡುಗೊರೆ ತಂದೆ. ದೋಣಿ ಆಟವನ್ನು ಯಾರೋ ಹೊಸದಾಗಿ ಮಾಡಿದ್ದರು. ಅದೇ ದೋಣಿ, ಅದೇ ಮೂವತ್ತು ಲೆವೆಲ್, ಅದೇ ಸಂಗೀತ. ಈಗ ಟಿವಿಗೆ ಜೋಡಿಸಿ ಸೋಫಾದಲ್ಲಿ ಕೂತು ಆಡಬಹುದು. ಹಳೆಯ ವೀರ ಮತ್ತೆ ಗೆಲ್ಲುವುದನ್ನು ನೋಡಬೇಕು, ಸಾಧ್ಯವಾದರೆ ಅದನ್ನೂ ಬರೆಯಬೇಕು ಎಂಬುದು ನನ್ನ ಆಸೆ.

ಅಪ್ಪ ಮೂರನೇ ಲೆವೆಲ್ಲಿನಲ್ಲಿ ಮುಳುಗಿದ. ಮತ್ತೆ ಆಡಿದ, ಮತ್ತೆ ಮೂರರಲ್ಲೇ ಮುಳುಗಿದ. ಐದು ಸಲ.

“ಈ ರಿಮೋಟ್ ಸರಿ ಇಲ್ಲ. ಇದು ಅಸಲಿ ಆಟ ಅಲ್ಲ, ನಕಲು.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಅಮ್ಮ ಬಟ್ಟೆ ಮಡಿಸುತ್ತಲೇ ಹೇಳಿದಳು.

ಅದೇ ಹೊತ್ತಿಗೆ ಚಿಕ್ಕಮ್ಮ ಬಂದಳು. ಅವಳು ಈಗ ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದಾಳೆ. ಮೇಣದಲ್ಲಿ ವಸಡು ಕೂಡಿಸಿ, ಒಂದೊಂದೇ ಹಲ್ಲನ್ನು ಅಕ್ಕಿಕಾಳು ಜೋಡಿಸಿದ ಹಾಗೆ ಜೋಡಿಸುವ ಕೆಲಸ. ಅಪ್ಪನ ಕೆಳಗಿನ ಹಲ್ಲಿನ ಸೆಟ್ ಎಲ್ಲೋ ಒತ್ತುತ್ತಿದೆ ಎಂದು ಉಜ್ಜಿ ಸರಿಮಾಡಲು ಬಂದಿದ್ದಳು. ಸರಿಮಾಡಿ, ಅಪ್ಪನ ಬಾಯಲ್ಲಿಟ್ಟು ನೋಡಿ, ಕೈ ತೊಳೆದು ಬಂದು ಟಿವಿಯ ಎದುರು ನಿಂತಳು. ಬಹಳ ಹೊತ್ತು ನಿಂತೇ ಇದ್ದಳು.

“ಕೊಡಿ ಭಾವ, ಒಂದ್ ಕೈ ನೋಡೋಣ.”

ಒಂದು ಗಂಟೆಯಲ್ಲಿ ಏಳನೇ ಲೆವೆಲ್ ದಾಟಿದಳು. ನಾನು ನೋಡಿದ್ದು ಆಟವನ್ನಲ್ಲ, ಅವಳ ಮುಖವನ್ನು. ಐವತ್ತೇಳರ ಹೆಂಗಸು ಕಾಲು ಮೇಲಿಟ್ಟುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು ಕೂತಿದ್ದಳು. ದೋಣಿ ಬಂಡೆಗೆ ತಾಗಿದಾಗ ಕೈಯೊಳಗಿನ ಕಂಟ್ರೋಲರ್ ಗುರ್ ಎಂದು ನಡುಗುತ್ತಿತ್ತು. “ಅಯ್ಯೋ ಪಾಪ, ನೋವಾಯ್ತು ಅದಕ್ಕೆ” ಎಂದು ನಗುತ್ತಿದ್ದಳು. ಒಂದು ಬಟನ್ ಒತ್ತಿದರೆ ಆಟ ಹಳೆಯ ರೂಪಕ್ಕೆ ತಿರುಗುತ್ತದೆ ಎಂದು ತೋರಿಸಿಕೊಟ್ಟೆ. ನೀರು ಹೋಗಿ ನೀಲಿ ಪಟ್ಟಿ ಬಂತು, ದೋಣಿ ಹೋಗಿ ಆರು ಚೌಕ ಬಂತು.

“ಇದನ್ನಾ ನಾವು ದೋಣಿ ಅಂತಿದ್ದಿದ್ದು?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಮುಚ್ಚು ಅದನ್ನ. ನಂಗೆ ನೀರು ನೀರಿನ ಥರಾನೇ ಇರ್ಲಿ.”

ಇನ್ನೊಂದು ಬಟನ್ ರಿವೈಂಡ್. ಮುಳುಗಿದರೆ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಮತ್ತೆ ಆಡಬಹುದು. ಅಪ್ಪ ಇದನ್ನು ಒಪ್ಪಲಿಲ್ಲ. “ಅದು ಮೋಸ.”

“ನಾನು ಹಲ್ಲು ಕೂಡಿಸುವಾಗ ವಾರೆ ಆದ್ರೆ ಮೇಣ ಕರಗಿಸಿ ಮತ್ತೆ ಕೂಡಿಸ್ತೀನಿ ಭಾವ. ಮೋಸ ಅಂತ ಹಾಗೇ ಬಿಟ್ಟಿದ್ರೆ ನೀವು ಇವತ್ತು ಹೇಗೆ ಅಗಿತಿದ್ರಿ?”

ಅಪ್ಪ ಬಾಯಿ ಮುಚ್ಚಿದ. ಒತ್ತದ ಸೆಟ್ಟಿನ ಮೇಲೆ ಆರಾಮಾಗಿ ಮುಚ್ಚಿತು.

೪

ಅಲ್ಲಿಂದ ಮೂರು ವಾರ ಪ್ರತಿ ಸಂಜೆ ಬಂದಳು. ತೋಳಿನ ಮೇಲೆ ಲ್ಯಾಬಿನ ಬಿಳಿ ಪುಡಿ ಹಾಗೇ ಇರುತ್ತಿತ್ತು. ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು. ಅಪ್ಪ ಮೊದಮೊದಲು ಹಿಂದೆ ಕೂತು ಸಲಹೆ ಕೊಡುತ್ತಿದ್ದ. ಇಪ್ಪತ್ತು ದಾಟಿದ ಮೇಲೆ ಸಲಹೆ ನಿಂತಿತು. ಇಪ್ಪತ್ತೊಂಬತ್ತು ಮುಗಿದ ಶನಿವಾರ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತ. ಲೋಟ ತೊಳೆದ. ತೊಳೆದ ಲೋಟವನ್ನೇ ಮತ್ತೆ ತೊಳೆದ.

“ಇದನ್ನೆಲ್ಲ ಬರೀತಿದೀಯಂತೆ?”

“ಹೂಂ.”

“ನಾಳೆ ಮೂವತ್ತರ ಮಧ್ಯೆ ಕರೆಂಟ್ ಹೋಯ್ತು ಅಂತ ಬರಿ.”

“ಯಾಕಪ್ಪ?”

“ಬರಿ ಅಂದ್ರೆ ಬರಿ. ನಿನ್ನ ಕಥೆ ತಾನೆ? ಕರೆಂಟ್ ತೆಗಿಯೋಕೆ ನಿಂಗೆ ಯಾರ ಅಪ್ಪಣೆ ಬೇಕು?”

“ಕಥೇಲಿ ತೆಗೀಬಹುದು. ಟಿವಿ ನನ್ನ ಮಾತು ಕೇಳಲ್ವಲ್ಲ.”

ಅವನು ನನ್ನ ಮುಖ ನೋಡಲಿಲ್ಲ. ಮೂವತ್ತೈದು ವರ್ಷದ ಮಗಳಿಗೆ ಅಪ್ಪನ ಬೆನ್ನು ಓದಲು ಬರುತ್ತದೆ. ಆ ಬೆನ್ನಿನಲ್ಲಿ ನನಗೆ ಎಲ್ಲವೂ ಗೊತ್ತಾಯಿತು, ಹೇಗೆ ಎನ್ನುವುದೊಂದನ್ನು ಬಿಟ್ಟು.

(ನಿಜ ಹೇಳುತ್ತೇನೆ, ಅಲ್ಲೇ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕರೆಂಟ್ ತೆಗೆದು ಬರೆದೆ. ಎರಡು ಪುಟ. ಟಿವಿ ಕಪ್ಪಾಯಿತು, ಚಿಕ್ಕಮ್ಮ ನಿಟ್ಟುಸಿರಿಟ್ಟಳು, ಅಪ್ಪನ ಮಾನ ಉಳಿಯಿತು. ಓದಿ ನೋಡಿದರೆ ಒಂದೂ ವಾಕ್ಯ ನಿಲ್ಲುತ್ತಿರಲಿಲ್ಲ. ಒಮ್ಮೆ ಅಪ್ಪನಿಗಾಗಿ ಸುಳ್ಳು ಅಚ್ಚು ಹಾಕಿಸಿದ್ದೆ, ಆಗ ಅದು ಸುಳ್ಳೆಂದು ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಹರಿದು ಹಾಕಿದೆ.)

೫

ಭಾನುವಾರ ಮಧ್ಯಾಹ್ನ ಮೂರು ಗಂಟೆ.

“ಫ್ಯಾನ್ ಆಫ್ ಮಾಡು” ಎಂದಳು ಚಿಕ್ಕಮ್ಮ. “ಅಕ್ಕಾ, ಕುಕ್ಕರ್ ಇಳಿಸು. ಯಾರೂ ಮಾತಾಡ್ಬೇಡಿ.”

“ಯಾಕೆ?” ಎಂದೆ.

“ಮಂಜಲ್ಲಿ ಬಂಡೆ ಕಾಣಲ್ಲ. ಆದ್ರೆ ಪ್ರತಿ ಬಂಡೆ ಹತ್ರಾನೂ ಒಂದು ಗಂಟೆ ಇದೆ, ಸಣ್ಣಗೆ ಹೊಡೀತಿರುತ್ತೆ. ಪಾರ್ಲರ್ ಗದ್ದಲದಲ್ಲಿ ಯಾರಿಗೂ ಕೇಳ್ತಿರ್ಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಕೇಳ್ತಿತ್ತು.”

ಕುಕ್ಕರ್ ಇಳಿಸಿ ಬಂದಿದ್ದ ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಅಪ್ಪ ನೆಲ ನೋಡಿದ.

“ದಾಟಿದ ಮೇಲೆ ಏನು ಬರುತ್ತೆ ಚಿಕ್ಕಮ್ಮ?”

“ರಾಣಿ ಬರಲ್ಲ” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ದೋಣಿಯವನು ಹೊರಗೆ ಬರ್ತಾನೆ. ಕೂತ್ಕೊಂಡು ಬೂಟು ಬಿಚ್ತಾನೆ. ಒಂದು ಬೂಟು ನೀರಿಗೆ ಬಿದ್ದುಹೋಗುತ್ತೆ. ಅಷ್ಟೆ.”

ಪರದೆ ಬೆಳ್ಳಗಾಯಿತು. ಸ್ಪೀಕರಿನ ಎಡಗಡೆಯಿಂದ ಟಿಣ್ ಎಂದಿತು. ದೋಣಿ ಬಲಕ್ಕೆ ತಿರುಗಿತು. ಎದುರಿನಿಂದ ಟಿಣ್, ನಿಂತಿತು, ಹಗ್ಗ ಸಡಿಲ ಬಿಟ್ಟು ಹಡಗಿಗೆ ತಿರುಗಲು ಜಾಗ ಕೊಟ್ಟಿತು. ಎರಡು ಸಲ ತಾಗಿತು. ಎರಡು ಸಲವೂ ರಿವೈಂಡ್ ಒತ್ತಿ ಹಿಂದೆ ಹೋದಳು, ಯಾರ ಮುಖವನ್ನೂ ನೋಡಲಿಲ್ಲ. ಮೂರನೇ ಸಲ ಒತ್ತುವ ಅಗತ್ಯವೇ ಬರಲಿಲ್ಲ. ಬೆರಳು ಆ ಬಟನ್ ಬಿಟ್ಟು ದೂರ ಸರಿದಿತ್ತು. ಕಣ್ಣು ಮುಚ್ಚಿದ್ದಳು. ಮುಚ್ಚಿಕೊಂಡೇ ಆಡುತ್ತಿದ್ದಳು.

ಮಂಜು ಕರಗಿತು. ಬಂದರು ಬಂತು. ಬಾಣಬಿರುಸು ಇರಲಿಲ್ಲ. ದೋಣಿಯ ಬಾಗಿಲು ತೆರೆದು ಒಬ್ಬ ಕುಳ್ಳ ಮನುಷ್ಯ ಹೊರಗೆ ಬಂದ, ಅಂಚಿನಲ್ಲಿ ಕೂತ, ಬೂಟು ಬಿಚ್ಚಿದ. ಒಂದು ಜಾರಿ ನೀರಿಗೆ ಬಿತ್ತು. ಅವನು ಬಗ್ಗಿ ನೋಡಿದ, ಭುಜ ಹಾರಿಸಿದ. ಹೊಸ ಆಟದಲ್ಲಿ ಕಾಲುಚೀಲದ ತೇಪೆಯೂ ಕಾಣುತ್ತಿತ್ತು.

“ತೇಪೆ ಇದೆ ನೋಡು” ಎಂದಳು ಚಿಕ್ಕಮ್ಮ. “ಆಗ ಕಾಣ್ತಿರ್ಲಿಲ್ಲ. ಪುಣ್ಯಾತ್ಮರು ತೇಪೆ ಹಾಕಿದಾರೆ.” ಎರಡೂ ಕೈ ಮೇಲೆತ್ತಿದಳು. ಜೀವನದಲ್ಲಿ ಅವಳು ಹಾಗೆ ಕೈಯೆತ್ತಿದ್ದನ್ನು ನಾನು ನೋಡಿರಲಿಲ್ಲ.

೬

ಅಪ್ಪ ಚಿಕ್ಕಮ್ಮನ ಕಡೆ ತಿರುಗಿದ.

“ಅವತ್ತು ಬೆಳಿಗ್ಗೆ ನೀನು ಕದ್ದು ಆಡ್ತಿದ್ದಾಗ ನಾನು ಪಕ್ಕದ ಯಂತ್ರದ ಹಿಂದೆ ಕೂತು ಬೆಸುಗೆ ಹಾಕ್ತಿದ್ದೆ. ಹಿತ್ತಿಲ ಬಾಗಿಲಿಂದ ಬಂದಿದ್ದೆ, ನಿಂಗೆ ಗೊತ್ತಾಗ್ಲಿಲ್ಲ. ನಿನ್ನ ಮುಖ ಕಾಣ್ತಿತ್ತು, ಪರದೆ ಕಾಣ್ತಿರ್ಲಿಲ್ಲ. ಮುಖ ನೋಡಿನೇ ಗೊತ್ತಾಯ್ತು. ಸಂಜೆ ಖುಷಿ ತಡೀಲಾರ್ದೆ, ಮೂವತ್ತು ದಾಟಾಯ್ತು ಕಣ್ರೋ ಅಂದ್ಬಿಟ್ಟೆ. ಯಾರು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಸುಮ್ನಿದ್ದೆ. ನೀನೇನಾ ಅಂದ್ರು. ಸುಮ್ನಿದ್ದೆ.”

“ಆಮೇಲೆ?” ಎಂದಳು ಚಿಕ್ಕಮ್ಮ.

“ಮೊದಲ್ನೇ ದಿನ ನಿನ್ನ ಕೆಲಸ ಉಳಿಸೋಕೆ ಸುಮ್ನಿದ್ದೆ. ಎರಡ್ನೇ ದಿನದಿಂದ ನಂಗೇ ಚೆನ್ನಾಗಿತ್ತು.”

ಅಮ್ಮ ಗಂಡನನ್ನೂ ತಂಗಿಯನ್ನೂ ನೋಡಿದಳು. “ನೀನ್ಯಾಕೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ?”

“ನಿನ್ನ ಮದ್ವೆ ಮಾತುಕತೇಲೂ ಇದನ್ನೇ ಹೇಳಿದ್ರಲ್ಲ ಅಕ್ಕ. ಆಮೇಲೆ ಹೇಗೆ ಹೇಳ್ಲಿ?”

“ನಾನು ದೋಣಿ ನೋಡಿ ಒಪ್ಪಿದ್ದು ಅಂದ್ಕೊಂಡ್ರಾ ಇಬ್ರೂ?” ಎಂದಳು ಅಮ್ಮ. “ಆ ಆಟ ಏನು ಅಂತಾನೇ ನಂಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ.”

ಮೊದಲು ನಕ್ಕವಳು ಚಿಕ್ಕಮ್ಮ. ಅಪ್ಪ ನಗಲಿಲ್ಲ. ಎದ್ದು ಅವಳ ಎದುರಿಗೆ ಬಂದು, “ತಪ್ಪಾಯ್ತು ಕಣೆ” ಎಂದ. ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದಳೇ, ತಪ್ಪು ಹೌದು ಎಂದಳೇ, ನನಗೆ ತಿಳಿಯಲಿಲ್ಲ. ಕೇಳಿದರೆ, “ಅದನ್ನ ನೀನು ಬರೀಬೇಡ, ನಂಗೂ ಭಾವಂಗೂ ಬಿಟ್ಟಿದ್ದು” ಎಂದಳು. ಆದ್ದರಿಂದ ಬರೆಯುತ್ತಿಲ್ಲ.

ಟಿವಿ ಹೆಸರು ಕೇಳುತ್ತಿತ್ತು. ಹಳೆಯ ಯಂತ್ರ ಮೂರೇ ಅಕ್ಷರ ಕೊಡುತ್ತಿತ್ತಂತೆ, ಅದೂ ಸ್ವಿಚ್ ಆರಿಸಿದರೆ ಅಳಿದುಹೋಗುತ್ತಿತ್ತು. ಚಿಕ್ಕಮ್ಮ ಇನಿಶಿಯಲ್ ಸಮೇತ ಪೂರ್ತಿ ಹೆಸರು ಹೊಡೆದಳು, ತಪ್ಪಿದ ಒಂದಕ್ಷರ ತಿದ್ದಿದಳು. ಲೋಕದ ಪಟ್ಟಿ ಬಂತು: ನಾಲ್ಕು ಸಾವಿರದ ನೂರ ಹನ್ನೆರಡನೇ ಸ್ಥಾನ.

“ಇಡೀ ಪ್ರಪಂಚದಲ್ಲಿ ನನ್ನ ಮುಂದೆ ನಾಲ್ಕೇ ಸಾವಿರ ಜನ” ಎಂದಳು, ಊರನ್ನೇ ಗೆದ್ದವಳ ಹಾಗೆ.

೭

ಈಗ ಮುಗಿಸಬೇಕು. ಮೂರು ಮುಕ್ತಾಯಗಳು ನನ್ನ ಬಳಿ ಇವೆ.

ಅ) ನಾನು ವಾರಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸುತ್ತೇನೆ. (ಕಳಿಸಿದ್ದೇನೆ. ಉತ್ತರವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿರುವುದು.)

ಆ) ಚಿಕ್ಕಮ್ಮ ಕಂಟ್ರೋಲರ್ ಕೆಳಗಿಟ್ಟು, ಕಿಟಕಿಯಾಚೆ ನೋಡುತ್ತಾ, ಕಳೆದ ಮೂವತ್ತೆಂಟು ವರ್ಷಗಳ ಬಗ್ಗೆ ಒಂದು ಗಂಭೀರ ಮಾತು ಹೇಳುತ್ತಾಳೆ. (“ನಾನ್ಯಾಕೆ ಕಿಟಕಿ ನೋಡ್ಲಿ? ಟಿವಿ ಇಲ್ಲಿದೆ” ಎಂದಳು.)

ಇ)

ಮೂರನೆಯದು ಆ ಭಾನುವಾರವೇ ಸಿಕ್ಕಿತ್ತು: ಲೋಕದ ಪಟ್ಟಿ ಬಂದ ಮೇಲೆ ಬರೆದುಕೊಳ್ಳಲು ಪೆನ್ನು ಎತ್ತಿದ್ದೆ. ಪರದೆಯಲ್ಲಿ ಏನೋ ಬದಲಾಯಿತು. ಹೊಸ ಆಟ ಮಾಡಿದವರು ಮೂವತ್ತಕ್ಕೆ ನಿಲ್ಲಿಸಿರಲಿಲ್ಲ. ಬಂದರಿನ ಆಚೆ ಸಮುದ್ರ ತೆರೆದುಕೊಂಡಿತು: ಲೆವೆಲ್ ಮೂವತ್ತೊಂದು. ಇದು ಹಳೆಯದರಲ್ಲಿ ಇರಲೇ ಇಲ್ಲ. ಇಲ್ಲಿ ಯಾರ ಕಥೆಯೂ ಇನ್ನೂ ಹುಟ್ಟಿಲ್ಲ, ಸುಳ್ಳೂ ಇಲ್ಲ, ನಿಜವೂ ಇಲ್ಲ. ದೋಣಿಗಳು ಎರಡಿದ್ದವು. ಇಬ್ಬರು ಆಡಬೇಕಂತೆ.

ಚಿಕ್ಕಮ್ಮ ಪೆಟ್ಟಿಗೆಯಿಂದ ಎರಡನೇ ಕಂಟ್ರೋಲರ್ ತೆಗೆದು ಅಪ್ಪನ ತೊಡೆಯ ಮೇಲಿಟ್ಟಳು.

“ನಂಗೆ ಬರಲ್ಲ ಕಣೆ. ಮೂರರಲ್ಲೇ ಮುಳುಗ್ದೋನು ನಾನು.”

“ಮುಳುಗಿ. ಹತ್ತು ಸೆಕೆಂಡು ಹಿಂದೆ ಹೋಗೋಣ.”

ಅಪ್ಪ ಕನ್ನಡಕ ಮೇಲಕ್ಕೆ ತಳ್ಳಿಕೊಂಡ. ಹಗ್ಗದ ಎರಡು ತುದಿ ಎರಡು ದೋಣಿಗೆ. ನಾನು ಇದಕ್ಕೊಂದು ಒಳ್ಳೆಯ ಕೊನೆಯ ಸಾಲು ಹುಡುಕುತ್ತಾ ಟಿವಿಯ ಎದುರಿಗೇ ನಿಂತುಬಿಟ್ಟಿದ್ದೆ.

“ಪಕ್ಕಕ್ಕೆ ಸರಿಯೇ” ಎಂದರು ಇಬ್ಬರೂ ಒಟ್ಟಿಗೆ. “ಏನೂ ಕಾಣ್ತಿಲ್ಲ.”

ಸರಿದೆ.