ಸೊರಬದ ಡಬ್ಬಿ

"ಯಾವ್ದು ಅಂತ ಇವತ್ತೇ ಹೇಳ್ಬಿಡ್ರಿ ಅಕ್ಕಾರೆ," ಎಂದ ಚನ್ನೇಶ್. ಶಿವಮೊಗ್ಗದಿಂದ ಸಾಫ್ಟ್‌ವೇರ್ ಮಾರಲು ಬಂದಿದ್ದ ಅವನು ಎರಡು ಪ್ಯಾಕೇಜುಗಳನ್ನೂ ತೋರಿಸಿ ಮುಗಿಸಿದ್ದ.

ಎರಡರಲ್ಲೂ ಬಿಲ್ಲು, ಸ್ಟಾಕು, ಲೆಕ್ಕ ಎಲ್ಲ ಇತ್ತು. ಚಿಕ್ಕದನ್ನು ಕೊಂಡರೆ ಶಿಕಾರಿಪುರದ ಈ ಅಂಗಡಿಯ ಲೆಕ್ಕ ಇಲ್ಲೇ, ಸೊರಬದ ಇನ್ನೊಂದು ಅಂಗಡಿಯದ್ದು ಅಲ್ಲೇ. ದಿನಾ ಲೆಕ್ಕ ತುಂಬಿದ ಫ್ಲಾಪಿಯನ್ನು ಬಸ್ಸಿಗೆ ಕೊಟ್ಟು ಕಳಿಸಬೇಕು. ದೊಡ್ಡದಕ್ಕೆ ಮೋಡೆಮ್ ಇತ್ತು. ಫೋನಿನ ತಂತಿಯಲ್ಲೇ ಎರಡೂ ಅಂಗಡಿ ಮಾತಾಡಿಕೊಳ್ಳುತ್ತವಂತೆ.

ಪಂಪ್‌ಸೆಟ್ ಅಂಗಡಿಯ ಯಜಮಾನ ತೋಟಪ್ಪ ಸೊಸೆಯ ಕಡೆ ತಿರುಗಿದರು. "ದಿನಾ ಕೂರಾಕಿ ನೀನು, ನೀನೇ ಹೇಳು ನೀಲವ್ವ. ನಂಗೆ ಎರಡೂ ಟಿವಿ ಇದ್ದಂಗೇ ಕಾಣ್ತಾವೆ."

ನೀಲಾಂಬಿಕ ಕಿಟಕಿಯಲ್ಲಿದ್ದ ಸ್ಟೀಲ್ ಡಬ್ಬಿಯನ್ನು ನೋಡಿದಳು. ಬಸ್ಸಿನಲ್ಲಿ ಎರಡೂ ಅಂಗಡಿಗಳ ಸ್ಟಾಕಿನ ಚೀಟಿ ಹೋಗಿಬರುತ್ತಿದ್ದುದು ಅದರಲ್ಲೇ. ಮೊದಲ ಸಲ ಯಾಕೋ ಚೀಟಿಯ ಜೊತೆ ನಾಲ್ಕು ಚಕ್ಕುಲಿ ಇಟ್ಟಿದ್ದಳು. ಸೊರಬದ ಅಂಗಡಿಯಲ್ಲಿ ಕೂರುವ ನಾಗವೇಣಿ, ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಬೆಲ್ಲ ಇಟ್ಟು ಕಳಿಸಿದಳು. ಆಮೇಲೆ ಇಲ್ಲಿಂದ ಶೇಂಗಾ ಚಟ್ನಿಪುಡಿ, ಅಲ್ಲಿಂದ ಅಪ್ಪೆಮಿಡಿ ಉಪ್ಪಿನಕಾಯಿ. ಒಮ್ಮೆ ಬಾಳೆಲೆಯಲ್ಲಿ ಸುತ್ತಿದ ಸುರಗಿ ಹೂವು. ಎರಡನೇ ಸಲ ಬಸಿರು ನಿಲ್ಲದೆ ಹೋದಾಗ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ನೀಲಾಂಬಿಕ ಚೀಟಿಯ ಹಿಂದೆ ಒಂದೇ ಸಾಲು ಬರೆದಿದ್ದಳು. ಮರುದಿನ ಡಬ್ಬಿಯ ತುಂಬ ಬಾಣಂತಿಯರಿಗೆ ಕೊಡುವ ಅಂಟಿನುಂಡೆ ಬಂದಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಚಿಕ್ಕದು ಸಾಕು ಅನ್ನಬಹುದಿತ್ತು. ಆದರೆ ಮೊನ್ನೆ ಅಂಜನಾಪುರದ ರೈತ ಹುಲಿಯಪ್ಪ ತನ್ನ ಪಂಪಿಗೆ ಫುಟ್‌ವಾಲ್ವ್ ಕೇಳಿಕೊಂಡು ಬಂದಿದ್ದ. ಅದು ಸೊರಬದಲ್ಲಿದೆ ಎಂದು ಚೀಟಿ ನೋಡಿ ಅವನನ್ನು ಅಲ್ಲಿಗೆ ಅಟ್ಟಿದ್ದಳು. ಅಷ್ಟರಲ್ಲಿ ಅಲ್ಲಿ ಅದು ಮಾರಾಟವಾಗಿತ್ತು. "ನಿನ್ನೆ ಚೀಟಿ ನಂಬ್ಕಂಡು ಇವತ್ತು ನನ್ನ ಸಸಿಮಡಿ ಒಣಗ್ಬೇಕೇನ್ರಿ ತಾಯಿ?" ಎಂದು ವಾಪಸ್ ಬಂದು ಕೇಳಿ, ನೀರನ್ನೂ ಕುಡಿಯದೆ ಹೋಗಿದ್ದ. ಫ್ಲಾಪಿ ಕಳಿಸಿದರೂ ಅದು ನಿನ್ನೆಯದೇ.

"ದೊಡ್ಡದೇ ಇರ್ಲಿ ಮಾವ."

"ಭೇಷ್! ಇನ್ನು ಆ ಡಬ್ಬಿ ರಿಟೈರಾತು ನೋಡ್ರಿ," ಎಂದ ಚನ್ನೇಶ್.

"ಪೆನ್ಷನ್ ಕೊಡಾಣ ಬಿಡು," ಎಂದು ತೋಟಪ್ಪ ನಕ್ಕರು.

ಮೋಡೆಮ್ ಬಂದ ದಿನ ಕಿರ್ರೆಂದು ಕೂಗಿ, ಸೊರಬದ ಸ್ಟಾಕನ್ನೆಲ್ಲ ಪರದೆಯ ಮೇಲೆ ಸುರಿಯಿತು. ತಪ್ಪಿಲ್ಲದ ಸಾಲುಗಳು. ನಾಗವೇಣಿಯ ಬಲಕ್ಕೆ ವಾಲಿದ ಅಕ್ಷರವಿಲ್ಲ, ತಿರುಗಿಸಿ ನೋಡಲು ಹಿಂಬದಿಯಿಲ್ಲ. ಡಬ್ಬಿ ಇವಳ ಬಳಿಯೇ ಉಳಿದಿತ್ತು.

ಒಂದು ವಾರ ಅದು ಕಿಟಕಿಯಲ್ಲೇ ಕೂತಿತ್ತು. ಸೋಮವಾರ ಬೆಳಗ್ಗೆ ನೀಲಾಂಬಿಕ ಶೇಂಗಾ ಹೋಳಿಗೆ ಮಾಡಿ ಅದಕ್ಕೆ ತುಂಬಿದಳು. ಮಧ್ಯಾಹ್ನ ಅಂಗಡಿಯ ಮುಂದೆ ಬಸ್ಸು ನಿಂತಾಗ ಕಂಡಕ್ಟರ್ ರೂಢಿಯಂತೆ ಕೈ ಚಾಚಿದ. ಅವಳು ಡಬ್ಬಿ ಕೊಡಲಿಲ್ಲ.

"ಮಾವ, ಸೊರಬಕ್ಕೆ ಹೋಗಿ ಸಂಜಿಗೆ ಬರ್ತೀನಿ."

"ಯಾಕವ್ವ, ಮಿಷಿನ್ ಕೆಟ್ಟೈತಾ?"

"ಇಲ್ಲ ಮಾವ. ಚೆನ್ನಾಗೈತೆ."

ದಾರಿಯುದ್ದಕ್ಕೂ ಡಬ್ಬಿ ಮಡಿಲಲ್ಲಿ ಬೆಚ್ಚಗಿತ್ತು. ಬಸ್ಸು ಸೊರಬದ ನಿಲ್ದಾಣಕ್ಕೆ ತಿರುಗುವಾಗ, ಹಸಿರು ಸೀರೆಯ ತೆಳ್ಳನೆಯ ಹೆಂಗಸೊಬ್ಬಳು ಯಾವ ಸಾಮಾನೂ ಇಲ್ಲದೆ, ಡಬ್ಬಿಗೆ ಕಾದವಳಂತೆ, ಕಂಡಕ್ಟರನ ಬಾಗಿಲು ಬಂದು ನಿಲ್ಲುವ ಜಾಗದಲ್ಲೇ ನಿಂತಿದ್ದಳು.