ಆಲೆಮನೆ ದಾಟಿ

ವಹೀಬಾಳ ಬಲ ಮಣಿಕಟ್ಟಿನ ಊತ ಇಳಿಯಲೇ ಇಲ್ಲ. ಚಳಿಗಾಲ ಮುಗಿಯುವವರೆಗೆ ದೋಣಿಯ ಹುಟ್ಟು ಮುಟ್ಟಕೂಡದೆಂದು ಮಿನ್ಯಾದ ಡಾಕ್ಟರು ಹೇಳಿಬಿಟ್ಟರು. ನೈಲ್ ನದಿಯ ಮೇಲೆಯೇ ಬದುಕುವ ನಮ್ಮ ಬೆಸ್ತರಲ್ಲಿ ಹೆಂಡತಿ ಹುಟ್ಟು ಹಾಕುತ್ತಾಳೆ, ಗಂಡ ಬಲೆ ಬಿಡುತ್ತಾನೆ. ಮದುವೆಯಾದ ಮೇಲೆ ಅವಳ ಗಂಡ ಬಖೀತ್ ಹುಟ್ಟು ಹಿಡಿದವನೇ ಅಲ್ಲ. ಕೂಲಿಗೆ ಒಬ್ಬನನ್ನು ಗೊತ್ತು ಮಾಡಬೇಕಾಯಿತು. ಆದರೆ ಅಡುಗೆ, ನಿದ್ದೆ ಎಲ್ಲ ದೋಣಿಯಲ್ಲೇ. ಪರಗಂಡಸು ಮಲಗುವ ದೋಣಿಯಲ್ಲಿ ವಹೀಬಾ ಇರುವಂತಿಲ್ಲ. ಅವಳನ್ನು ಕೆಳಗಿನ ಊರಿನ ಅಣ್ಣ ರಿಫಾಯಿಯ ಮನೆಗೆ ಬಿಡಲು ಇಬ್ಬರೂ ಬೆಳಿಗ್ಗೆ ಹೊರಟರು.

ಗಂಟಿನೊಳಗೆ ಅವಳು ಬಾಣಲೆಯನ್ನೂ ತುರುಕಿದ್ದಳು.

“ಅದು ಯಾಕೆ? ನಿಮ್ಮಣ್ಣನ ಮನೇಲಿ ಬಾಣಲೆ ಇಲ್ವಾ?”

“ಆ ಕೂಲಿಯವನು ನನ್ನ ಬಾಣಲೇಲಿ ಕರಿಯೋದು ಬೇಡ.”

ಹುಟ್ಟು ಹಾಕುವವರಿಗೆ ಮುಂದಿನ ದಾರಿ ಬೆನ್ನ ಹಿಂದಿರುತ್ತದೆ. ಇಷ್ಟು ವರ್ಷ ಅವಳ ಎದುರು ನಿಂತು ದಾರಿ ಹೇಳುತ್ತಿದ್ದವನು ಬಖೀತ್. ಈಗ ಹುಟ್ಟು ಅವನ ಕೈಯಲ್ಲಿತ್ತು, ಅವನ ಜಾಗದಲ್ಲಿ ಅವಳು ಕೂತಿದ್ದಳು.

“ಬಲಕ್ಕೆ, ಅಬೂ ಸಮಾಹ್,” ಎಂದಳು. ಅಬೂ ಸಮಾಹ್ ಎಂದರೆ ಸಮಾಹ್‌ಳ ಅಪ್ಪ; ಸಮಾಹ್ ಅವರ ಹಿರಿಮಗಳು. ಮದುವೆಯಾಗಿ ಹೋದ ಮೇಲೂ ಅವಳ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ದೋಣಿ ಎಡದ ಜೊಂಡಿಗೆ ನುಗ್ಗಿತು.

“ಯಾರ ಬಲಕ್ಕೆ?”

“ನನ್ನ ಬಲಕ್ಕೆ. ದಾರಿ ಕಾಣೋದು ನನಗೆ ತಾನೇ?”

“ಮತ್ತೆ ನಾನು ಹೇಳ್ತಿದ್ದಾಗ?”

“ಆಗ ಮನಸ್ಸಲ್ಲೇ ತಿರುಗಿಸ್ಕೊಳ್ತಿದ್ದೆ.”

ಜೊಂಡಿನಿಂದ ಬಿಡಿಸಿಕೊಂಡರೆ ದೋಣಿ ನಿಂತಲ್ಲೇ ಸುತ್ತಿತು. ಮರಳು ದೋಣಿಯವರು ನಗುತ್ತ ಹಾದುಹೋದರು. “ಏನ್ ಬಖೀತ್, ಗಾಣ ಆಡಿಸ್ತಿದ್ದೀಯಾ?”

“ಎತ್ತು ಸಿಕ್ಕಿಲ್ಲ ಕಣೋ, ನೀನೇ ಬಾ!”

“ಬೆನ್ನಿಂದ ಎಳಿ,” ಎಂದಳು ವಹೀಬಾ. “ಸಿಟ್ಟು ಬಂದವರ ಹಾಗೆ ನೀರಿಗೆ ಬಡೀಬೇಡ.”

“ದಿನಾ ಹಿಂಗೇ ಎಳೀತಿದ್ಯಾ ನೀನು?”

“ಮತ್ತೇನು, ದೋಣಿ ತಾನಾಗೇ ಹೋಗ್ತದೆ ಅಂದ್ಕೊಂಡಿದ್ಯಾ?”

ಅವನ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ದೋಣಿ ಸುಮಾರಾಗಿ ನೆಟ್ಟಗೆ ಸಾಗಿತು. ರೊಟ್ಟಿ, ಈರುಳ್ಳಿ ತಿಂದರು.

“ಬಲೆ ಬಿಟ್ಟು ನೋಡ್ಲಾ?” ಎಂದಳು.

“ಒಂದೇ ಕೈಯಲ್ಲಾ?”

“ಎಡಗೈ ಇದೆಯಲ್ಲ. ನೀನು ನಿಧಾನ ಹೋಗು, ಸಾಕು.”

ಮೊದಲ ಸಲ ಬಲೆ ಮುದ್ದೆಯಾಗಿ ಬಿತ್ತು. ಎರಡನೆಯ ಸಲ ಜೊಂಡಿನ ಅಂಚಿಗೆ ಅರ್ಧಚಂದ್ರದ ಹಾಗೆ ಇಳಿಯಿತು. ಅವಳು ಕೋಲಿನಿಂದ ನೀರು ಬಡಿದಳು, ಬಲೆಯನ್ನು ಅವನು ಎಳೆದ. ಹಿಡಿಯಷ್ಟು ಜಿಲೇಬಿ ಮೀನು, ಎಲ್ಲ ಸಣ್ಣವು.

“ಬೆಕ್ಕಿಗೂ ಸಾಲದು.”

“ಮೊದಲನೇ ದಿನ ನಿನ್ನ ಬಲೆಗೆ ಬಿದ್ದದ್ದು ಒಂದು ಚಪ್ಪಲಿ. ಅದೂ ಒಂಟಿ.”

ಅವನಿಗೆ ನಗು ಬಂತು. ಮತ್ತೆ ಹುಟ್ಟು ಹಿಡಿದ. “ನಿಮ್ಮಣ್ಣನ ಕಟ್ಟೆ ಬಂದಾಗ ಹೇಳು, ದಡಕ್ಕೆ ತಿರುಗಿಸ್ತೀನಿ.”

“ಹೂಂ.”

ರಿಫಾಯಿಯ ಮನೆ ಇದ್ದದ್ದು ಆಲೆಮನೆಯ ಪಕ್ಕದಲ್ಲಿ. ಇಳಿಹೊತ್ತಿಗೆ ವಹೀಬಾಳಿಗೆ ಅದರ ಹೊಗೆ ಕಂಡಿತು. ಆಮೇಲೆ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಎದ್ದು ನಿಂತ ಅಣ್ಣ. ಅವಳು ಏನೂ ಹೇಳಲಿಲ್ಲ. ಬಲೆಗೆ ಅಂಟಿದ ಮೀನಿನ ಹುರುಪೆಯನ್ನು ಉಗುರಿನಿಂದ ಬಿಡಿಸತೊಡಗಿದಳು.

ಗಾಳಿ ದಡದ ಕಡೆಯಿಂದ ಬೀಸಿತು. ಕುದಿಯುವ ಕಬ್ಬಿನ ಹಾಲಿನ ವಾಸನೆ ನದಿಯ ನಡುವಿನವರೆಗೂ ಬಂತು. ಈ ದಾರಿಯಲ್ಲಿ ಇನ್ನೊಂದು ಆಲೆಮನೆಯಿಲ್ಲ. ಬಖೀತ್ ಹುಟ್ಟುಗಳನ್ನು ನೀರಿನಿಂದ ಎತ್ತಿ ಹಿಡಿದ. ಅವುಗಳಿಂದ ನೀರು ತೊಟ್ಟಿಕ್ಕಿತು. ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ.

ಅವನು ಹುಟ್ಟುಗಳನ್ನು ಮತ್ತೆ ಇಳಿಸಿ ಎಳೆದ. ಬೆನ್ನಿನಿಂದ ಎಳೆದ.

“ಓ ವಹೀಬಾ! ಇಲ್ಲಿ! ಇಲ್ಲೇ ಕಣ್ರೋ!” ದಡದಿಂದ ಕೂಗು ಬಂತು.

“ಯಾರೋ ಕೂಗಿದಂಗಾಯ್ತು,” ಎಂದ ಬಖೀತ್.

“ನಮ್ಮಣ್ಣ.”

“ಏನಂತೆ?”

“ಊಟಕ್ಕೆ ಕರೀತಿರ್ಬೇಕು. ನಮ್ಮಲ್ಲಿ ಮೀನಿದೆಯಲ್ಲ.”

ಅವಳು ಅಣ್ಣನಿಗೆ ಎಡಗೈ ಬೀಸಿದಳು. ಆಮೇಲೆ ಅದೇ ಕೈಯಿಂದ ಗಂಟು ಬಿಚ್ಚಿ ಬಾಣಲೆಯನ್ನು ಹೊರಗೆ ತೆಗೆದಳು.

“ಮುಂದೆ ಮರಳುದಿಬ್ಬ ಇದೆ. ಬಲಕ್ಕೆ.”

ಯಾರ ಬಲಕ್ಕೆಂದು ಕೇಳದೆ ಅವನು ತನ್ನ ಎಡಕ್ಕೆ ತಿರುಗಿಸಿದ.